ಯಾವ ಬ್ರಾಹ್ಮಿ ಅಂತ ಮೊದಲು ಹೇಳಿ

ಪ್ರಶ್ನೆ: ನಾವು ಒಂದೆಲಗವನ್ನೇ ಬ್ರಾಹ್ಮಿ ಅನ್ನುತ್ತೇವೆ. ಪುಸ್ತಕದಲ್ಲಿರುವ ಬ್ರಾಹ್ಮಿಯ ಚಿತ್ರ ಬೇರೆಯೇ ಇದೆ. ಯಾವುದು ಸರಿ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಎರಡೂ ಸರಿ. ತಲೆನೋವು ಶುರುವಾಗುವುದೇ ಅಲ್ಲಿ. ಆ ಒಂದು ಹೆಸರಿಗೆ ಎರಡು ಗಿಡಗಳು ಓಗೊಡುತ್ತವೆ.

ಒಂದೆಲಗ ಅಂದರೆ ಸೆಂಟೆಲ್ಲಾ ಏಷಿಯಾಟಿಕಾ. ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬದ್ದು. ದುಂಡನೆ ಎಲೆ, ಬುಡದಲ್ಲಿ ಸೀಳು, ಉದ್ದ ತೊಟ್ಟು. ನೆಲದ ಮೇಲೆ ಹರಿದು ಗೆಣ್ಣಿನಲ್ಲಿ ಬೇರು ಬಿಡುತ್ತದೆ. ಇನ್ನೊಂದು ನೀರುಬ್ರಾಹ್ಮಿ, ಬಕೋಪಾ ಮೊನ್ನಿಯೇರಿ. ದಂಟು ರಸಭರಿತ. ಎಲೆ ಚಿಕ್ಕದು, ದಪ್ಪ, ಎದುರುಬದುರು ಜೋಡಿ. ಹೂವು ಬಿಳಿ ಇಲ್ಲವೇ ತಿಳಿ ನೇರಳೆ. ಪಕ್ಕಪಕ್ಕ ಇಟ್ಟು ನೋಡಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಒಣಗಿಸಿ ಪುಡಿ ಮಾಡಿದ ಮೇಲೆ ನನಗೂ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಒಳಗಿನ ರಾಸಾಯನಿಕಗಳೂ ಬೇರೆ: ಒಂದೆಲಗದಲ್ಲಿರುವುದು ಏಷಿಯಾಟಿಕೋಸೈಡ್, ನೀರುಬ್ರಾಹ್ಮಿಯಲ್ಲಿರುವುದು ಬಕೋಸೈಡ್. ಒಂದರ ಮೇಲೆ ನಡೆದ ಪ್ರಯೋಗವನ್ನು ತೋರಿಸಿ ಇನ್ನೊಂದರ ಪುಡಿ ಮಾರುವ ‘ಪಂಡಿತ’ರನ್ನು ಕಂಡರೆ ಮೈ ಉರಿಯುತ್ತದೆ. ಡಬ್ಬಿಯ ಮೇಲೆ ಬರೀ ‘ಬ್ರಾಹ್ಮಿ’ ಅಂತಿದ್ದರೆ ಅಲ್ಲೇ ಇಟ್ಟು ಬನ್ನಿ.

ಇನ್ನು, ಅಕ್ವೇರಿಯಂನಲ್ಲಿ ಬೆಳೆಸುವ ನಾಣ್ಯದಂಥ ಎಲೆಯ ಹೈಡ್ರೊಕೋಟೈಲ್ ಕೂಡ ಒಂದೆಲಗದ ಹಾಗೇ ಕಾಣುತ್ತದೆ. ಅದರಲ್ಲಿ ತೊಟ್ಟು ಎಲೆಯ ನಡುವಿಗೆ ಅಂಟಿರುತ್ತದೆ, ಛತ್ರಿಯ ಕೋಲಿನಂತೆ. ಒಮ್ಮೆ ಮಸುಕಾದ ಫೋಟೊ ನೋಡಿ ಅದನ್ನೇ ಒಂದೆಲಗ ಅಂದುಬಿಟ್ಟಿದ್ದೆ. ಅಂದಿನಿಂದ ‘ತಿನ್ನಬಹುದಾ’ ಅಂತ ಫೋಟೊ ಕಳಿಸುವವರಿಗೆ ಹೂಂ ಅನ್ನುವುದನ್ನೇ ಬಿಟ್ಟಿದ್ದೇನೆ. ಬೇಜಾರಾದರೂ ಪರವಾಗಿಲ್ಲ.

ಪ್ರಶ್ನೆ: ವೈಜ್ಞಾನಿಕ ಹೆಸರುಗಳೂ ಬದಲಾಗುತ್ತವಲ್ಲ, ಮತ್ತೇನು ಉಪಯೋಗ?

ಉತ್ತರ: ಬದಲಾದರೂ ಜಾಡು ಉಳಿಯುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಒಂದೆಲಗವನ್ನು ಹೈಡ್ರೊಕೋಟೈಲ್ ಏಷಿಯಾಟಿಕಾ ಎಂದು ಕರೆದಿದ್ದ. ಆಮೇಲೆ ಕುಲ, ಅಂದರೆ ಹೆಸರಿನ ಮೊದಲ ಪದ, ಬದಲಾಗಿ ಸೆಂಟೆಲ್ಲಾ ಆಯಿತು, ‘ಏಷಿಯಾಟಿಕಾ’ ಹಾಗೇ ಉಳಿಯಿತು. ಹಳೆ ಹೆಸರು ಹಿಡಿದು ಹೊಸದನ್ನು ಹುಡುಕಬಹುದು. ‘ಬ್ರಾಹ್ಮಿ’ ಹಿಡಿದು ಹೊರಟರೆ ಎಲ್ಲಿಗೆ ಮುಟ್ಟುತ್ತೀರಿ?

ಪ್ರಶ್ನೆ: ಮೊಬೈಲ್ ಆ್ಯಪ್ ತೋರಿಸಿದ ಹೆಸರು ನಂಬಬಹುದಾ?

ಉತ್ತರ: ಕುತೂಹಲಕ್ಕೆ ಸರಿ, ಬಾಯಿಗೆ ಹಾಕಿಕೊಳ್ಳೋಕೆ ಬೇಡ.

ಪ್ರಶ್ನೆ: ಕೆಂಪು ಕಣಗಿಲೆ, ಹಳದಿ ಕಣಗಿಲೆ ಒಂದೇ ಗಿಡದ ಎರಡು ಬಣ್ಣಗಳಾ?

ಉತ್ತರ: ಅಲ್ಲ. ಕೆಂಪಿನದು ನೀರಿಯಂ ಓಲಿಯಾಂಡರ್. ಗಂಟೆಯಂಥ ಹಳದಿ ಹೂವಿನದು ಕಾಸ್ಕಬೆಲಾ ತೆವೀಶಿಯಾ, ಕುಲವೇ ಬೇರೆ. ಎರಡರ ವಿಷವೂ ಹೃದಯಕ್ಕೇ ತಾಗುತ್ತದೆ. ಬೇರನ್ನು ಕಷಾಯಕ್ಕೆ ಹಾಕಿ ಅಂತ ಯಾರಾದರೂ ಹೇಳಿದರೆ, ಯಾವ ಬಣ್ಣದ್ದು ಅಂತ ಕೇಳುತ್ತಾ ನಿಲ್ಲಬೇಡಿ, ಎದ್ದು ಬನ್ನಿ.