ಸಾಲಿನ ಮಧ್ಯೆ ಎದ್ದು ಹೋದರೆ

ಪ್ರಶ್ನೆ: ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ. ಕುಕ್ಕರ್ ಕೂಗಿತೆಂದು, ಮಗು ಅತ್ತಿತೆಂದು ಎದ್ದು ಬಂದರೆ ಕುಣಿಕೆ ಜಾರಿರುತ್ತದೆ, ಲೆಕ್ಕವೂ ತಪ್ಪಿರುತ್ತದೆ. ಸೀರೆಗೆ ಫಾಲ್ಸ್ ಹಚ್ಚುವುದೂ ಬಾಕಿ. ಏನು ಮಾಡಲಿ?

ಉತ್ತರ: ಆದಷ್ಟೂ ಸಾಲು ಮುಗಿಸಿಯೇ ಏಳಿ. ಮಧ್ಯೆ ಬಿಟ್ಟರೆ, ಮತ್ತೆ ಹಿಡಿಯುವಾಗ ಉಂಡೆಯಿಂದ ಬರುವ ಎಳೆ ಬಲಗೈ ಕಡ್ಡಿಯಿಂದ ಇಳಿಬಿದ್ದಿರಬೇಕು. ಎಡಗೈಯಲ್ಲಿದ್ದರೆ ದಿಕ್ಕು ತಪ್ಪಿ, ಅಲ್ಲೊಂದು ತೂತು ಬೀಳುತ್ತದೆ. ಏಳುವ ಮುನ್ನ ಕಡ್ಡಿಯ ತುದಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. 10 ಸಾಲಿಗೊಮ್ಮೆ ಅಂಚಿನ ಕುಣಿಕೆಗೆ ಬೇರೆ ಬಣ್ಣದ ನೂಲು ಕಟ್ಟಿ. ಎಣಿಕೆ ಅಲ್ಲಿಂದ ಮುಂದೆ ಸಾಕು. ಜಾರಿದ ಕುಣಿಕೆಗಾಗಿ ದಯವಿಟ್ಟು ಎಲ್ಲವನ್ನೂ ಬಿಚ್ಚಬೇಡಿ. ಕ್ರೋಶಾ ಕಡ್ಡಿಯನ್ನು ಅದರೊಳಗೆ ತೂರಿಸಿ, ಮೇಲಿನ ಅಡ್ಡ ಎಳೆಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಾ ಮೇಲಕ್ಕೆ ತನ್ನಿ.

ಹತ್ತಿಯ ಫಾಲ್ಸನ್ನು ರಾತ್ರಿಯೇ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಸೀರೆಯ ಅಂಚು ಸುಕ್ಕುಗಟ್ಟುತ್ತದೆ.