12 ರಾತ್ರಿಯ ಲೆಕ್ಕ, 35 ದಿನದ ಮುಟ್ಟು

ನಿಮಗೆ ಮುಟ್ಟು 35 ದಿನಕ್ಕೊಮ್ಮೆ. ಮಗು ಬೇಕು ಅಂತ ಕಾಯುತ್ತಿದ್ದೀರಿ. ಮನೆಯ ಹಿರಿಯರು ಆಯುರ್ವೇದದ ಋತುಕಾಲ (ಗರ್ಭ ನಿಲ್ಲುವ ದಿನಗಳು) ಹಿಡಿದು ದಿನ ಹೇಳುತ್ತಾರೆ, ಡಾಕ್ಟರ್ ಹೇಳುವುದೇ ಬೇರೆ ದಿನ. ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ. ದಿನದ ವಿಚಾರಕ್ಕೆ ಡಾಕ್ಟರ್ ಮಾತೇ ಸರಿ. ಹಾಗಂತ ಹಳಬರು ಸುಮ್ನೆ ಏನೋ ಬರೆದರು ಅಂದುಕೊಳ್ಳಬೇಡಿ.

ಆಯುರ್ವೇದದ ಹಳೇ ಗ್ರಂಥ ಸುಶ್ರುತ ಸಂಹಿತೆಯಲ್ಲಿ ಋತುಕಾಲ 12 ರಾತ್ರಿ. ಸ್ರಾವದ ದಿನ ಸೇರಿಸಿ 16 ಎನ್ನುವ ಲೆಕ್ಕವೂ ಇದೆ. ಅದು ಮುಗಿದ ಮೇಲೆ, ಸಂಜೆ ತಾವರೆ ಮುಚ್ಚಿಕೊಳ್ಳುವ ಹಾಗೆ ಗರ್ಭದ ದಾರಿಯೂ ಮುಚ್ಚುತ್ತದಂತೆ. ಇದು ಬರೀ ಕವಿಮಾತಲ್ಲ. ಅಂಡ ಬಿಡುಗಡೆಯ ಹೊತ್ತಿಗೆ ಗರ್ಭಕೊರಳಿನ ಲೋಳೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆಎಳೆಯಾಗಿ ಬರುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹೆಚ್ಚಿ ಲೋಳೆ ಗಟ್ಟಿಯಾಗುತ್ತದೆ, ವೀರ್ಯಾಣು ಒಳಗೆ ಹೋಗುವುದು ಕಷ್ಟ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ಇಷ್ಟು ಊಹಿಸಿದ್ದು ದೊಡ್ಡದೇ ಅಲ್ವಾ? ಸಸ್ತನಿಗಳ ಅಂಡವನ್ನು ವಿಜ್ಞಾನಿ ಫಾನ್ ಬೇರ್ ಕಣ್ಣಾರೆ ಕಂಡಿದ್ದೇ 1827ರಲ್ಲಿ.

ಎಡವಟ್ಟಾಗುವುದು ಎಣಿಸುವಲ್ಲಿ. ಹಳೇ ಲೆಕ್ಕ ಮುಟ್ಟಿನಿಂದ ಮುಂದಕ್ಕೆ ಓಡುತ್ತದೆ. ದೇಹದ ಲೆಕ್ಕ ಹಿಂದಿನಿಂದ: ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಹೊರಬರುತ್ತದೆ. 28 ದಿನದ ಚಕ್ರದಲ್ಲಿ ಅದು 14ನೇ ದಿನದ ಆಸುಪಾಸು, 16 ರಾತ್ರಿಯೊಳಗೆ ಬರುತ್ತದೆ. ನಿಮ್ಮದು 35, ಅಂದರೆ ಸುಮಾರು 21ನೇ ದಿನ. ಹಿರಿಯರ ಪ್ರಕಾರ ಆಗ ಬಾಗಿಲು ಮುಚ್ಚಿ ಎಷ್ಟೋ ದಿನ! ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದವರೆಗೆ. ಹಾಗಾಗಿ ನಿಮಗೆ 16ರಿಂದ 21ನೇ ದಿನ ಮುಖ್ಯ. ಚಕ್ರ ಏರುಪೇರಾದರೆ ಲೋಳೆ ನೋಡಿಕೊಳ್ಳಿ.

ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ಮುಟ್ಟು ಕಾಣದವಳಿಗೂ ಋತುಕಾಲ ಇರಬಹುದು ಎಂದು ಕೆಲವರು ಹೇಳುತ್ತಾರೆ ಅಂತ ಅದೇ ಸಂಹಿತೆಯಲ್ಲಿದೆ. ಹೆರಿಗೆಯಾದ ಮೇಲೆ ಮುಟ್ಟು ಮರಳುವ ಮುಂಚೆಯೇ ಮತ್ತೆ ಬಸುರಾದವರು ಇದನ್ನು ಒಪ್ಪುತ್ತಾರೆ!

ಸಮ ರಾತ್ರಿ ಸೇರಿದರೆ ಗಂಡು, ಬೆಸ ರಾತ್ರಿಗೆ ಹೆಣ್ಣು ಎನ್ನುವುದನ್ನು ಮಾತ್ರ ಬಿಟ್ಟುಬಿಡಿ. ವೀರ್ಯಾಣು ತರುವ ವರ್ಣತಂತು (ಕ್ರೋಮೋಸೋಮ್) ಎಕ್ಸೋ ವೈಯೋ, ಅದರ ಮೇಲೆ ನಿರ್ಧಾರ. ರಾತ್ರಿಯ ಸಂಖ್ಯೆಗೆ ಅಲ್ಲಿ ಕೆಲಸವಿಲ್ಲ.

ವಯಸ್ಸು ಬರೆದಿಲ್ಲ ನೀವು. 35ರೊಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ನೋಡಿ ತಜ್ಞರ ಹತ್ತಿರ ಹೋಗಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ವೀರ್ಯ ಪರೀಕ್ಷೆ ಮೊದಲೇ ಆಗಲಿ.

- ಸಂ.