ಮಿನಿಗನ್ ಸೇನೆಗೆ ಸೇರಿತು, ಮೈಕ್ರೋಗನ್ ಏಕೆ ಸೇರಲಿಲ್ಲ?

ಪ್ರಶ್ನೆ: ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ಬಳಸುವ ಮಿನಿಗನ್ ಬಗ್ಗೆ ಓದುವಾಗ, ಅದಕ್ಕಿಂತ ಚಿಕ್ಕದಾದ ‘ಎಕ್ಸ್‌ಎಂ214 ಮೈಕ್ರೋಗನ್’ ಎಂಬ ಪ್ರಾಯೋಗಿಕ ಮಷಿನ್‌ಗನ್ನಿನ ಹೆಸರು ಕಂಡೆ. ಅದು ಹೆಚ್ಚು ಹಗುರ, ಹೆಚ್ಚು ವೇಗ ಎನ್ನುತ್ತಾರೆ. ಹಾಗಿದ್ದರೂ ಅದು ಸೇನೆಗೆ ಸೇರಲಿಲ್ಲವೇಕೆ? ನಮ್ಮ ಹೆಲಿಕಾಪ್ಟರ್‌ಗಳಲ್ಲಿ ಇಂತಹ ಬಂದೂಕು ಇದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಮೈಕ್ರೋಗನ್ನಿನ ಕಥೆ ಅರ್ಥವಾಗಬೇಕಾದರೆ ಮೊದಲು ಅದರ ಅಕ್ಕನಾದ ಮಿನಿಗನ್ ಹುಟ್ಟಿದ್ದೇಕೆ ಎಂಬುದನ್ನು ನೋಡಬೇಕು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್‌ಗಳ ಬಾಗಿಲಲ್ಲಿ ಎಂ60 ಮಷಿನ್‌ಗನ್ ಇರುತ್ತಿತ್ತು. ಅದು ನಿಮಿಷಕ್ಕೆ ಸುಮಾರು 550 ಗುಂಡು, ಅಂದರೆ ಸೆಕೆಂಡಿಗೆ ಸುಮಾರು 9 ಗುಂಡು ಹಾರಿಸುತ್ತಿತ್ತು. ಹೆಲಿಕಾಪ್ಟರ್ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹಾರುತ್ತಿದೆ, ಬಂದೂಕು ಒಂದೇ ದಿಕ್ಕಿಗೆ ಮುಖ ಮಾಡಿದೆ ಎಂದುಕೊಳ್ಳಿ. ಆಗ ನೆಲಕ್ಕೆ ಬೀಳುವ ಗುಂಡುಗಳ ನಡುವೆ ನಾಲ್ಕು ಮೀಟರಿಗೂ ಹೆಚ್ಚು ಅಂತರ ಉಳಿಯುತ್ತದೆ, ಆ ಅಂತರದಲ್ಲಿ ಒಬ್ಬ ಮನುಷ್ಯ ಸಲೀಸಾಗಿ ಅಡಗಿ ಉಳಿಯಬಹುದು. ಸೆಕೆಂಡಿಗೆ 100 ಗುಂಡು ಹಾರಿದರೆ ಅದೇ ಅಂತರ 40 ಸೆಂಟಿಮೀಟರಿಗೆ ಇಳಿಯುತ್ತದೆ. ಹೆಲಿಕಾಪ್ಟರಿಗೆ ಇಷ್ಟು ವೇಗದ ಬಂದೂಕು ಬೇಕಾದದ್ದು ಈ ಲೆಕ್ಕಕ್ಕಾಗಿಯೇ ಹೊರತು ಆರ್ಭಟಕ್ಕಾಗಿ ಅಲ್ಲ.

ಒಂದೇ ನಳಿಗೆಯಿಂದ ಈ ವೇಗ ಸಾಧ್ಯವಿಲ್ಲ, ಏಕೆಂದರೆ ಅದು ಕಾದು ಕೆಂಪಾಗಿ ಹಾಳಾಗುತ್ತದೆ. ಹಾಗಾಗಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು 1862ರಲ್ಲಿ ರಿಚರ್ಡ್ ಗ್ಯಾಟ್ಲಿಂಗ್ ಪೇಟೆಂಟ್ ಪಡೆದ, ಕೈಯಿಂದ ತಿರುಗಿಸುವ ಬಹುನಳಿಗೆಯ ಬಂದೂಕಿನ ತತ್ತ್ವಕ್ಕೆ ಮರಳಿದರು. ಇದೇ ತತ್ತ್ವದ ಮೇಲೆ ಯುದ್ಧವಿಮಾನಗಳಿಗಾಗಿ 20 ಮಿಲಿಮೀಟರಿನ ವಲ್ಕನ್ ಫಿರಂಗಿಯನ್ನು ಅವರು ಆಗಲೇ ರೂಪಿಸಿದ್ದರು, ಅದನ್ನು 7.62 ಮಿ.ಮೀ. ತೋಟಾಕ್ಕೆ ಕುಗ್ಗಿಸಿದಾಗ ಮಿನಿಗನ್ ಆಯಿತು. ಅದರಲ್ಲಿ ಆರು ನಳಿಗೆಗಳು, ಪ್ರತಿಯೊಂದಕ್ಕೂ ತನ್ನದೇ ಬೋಲ್ಟ್, ಅಂದರೆ ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ. ವಿದ್ಯುತ್ ಮೋಟಾರು ಇಡೀ ಗುಚ್ಛವನ್ನು ತಿರುಗಿಸುವಾಗ ಹೊರಕವಚದ ಒಳಗೆ ಓರೆಯಾಗಿ ಕೊರೆದ ಜಾಡಿನಲ್ಲಿ ಬೋಲ್ಟುಗಳು ಹಿಂದೆ ಮುಂದೆ ಸರಿದು, ಒಂದು ನಳಿಗೆ ತೋಟಾ ತುಂಬಿಕೊಳ್ಳುವಾಗ ಇನ್ನೊಂದು ಗುಂಡು ಹಾರಿಸುತ್ತದೆ, ಮತ್ತೊಂದು ಖಾಲಿ ಕೋಶವನ್ನು ಹೊರಹಾಕುತ್ತದೆ. ನಿಮಿಷಕ್ಕೆ 6000 ಗುಂಡು ಹಾರಿದರೂ ಪ್ರತಿ ನಳಿಗೆಯ ಪಾಲಿಗೆ ಬರುವುದು 1000 ಮಾತ್ರ. ನನಗೆ ಈ ರಚನೆಯಲ್ಲಿ ಅತ್ಯಂತ ಮೆಚ್ಚುಗೆಯಾಗುವ ಗುಣ ಬೇರೆಯದು: ಸಿಡಿಯದ ತೋಟಾವೊಂದು ಬಂದರೆ ಸಾಧಾರಣ ಮಷಿನ್‌ಗನ್ ಅಲ್ಲಿಯೇ ನಿಂತುಬಿಡುತ್ತದೆ, ಏಕೆಂದರೆ ಅದಕ್ಕೆ ಚಾಲನೆ ಸಿಗುವುದೇ ಆ ಸಿಡಿತದಿಂದ, ಮೋಟಾರಿನಿಂದ ತಿರುಗುವ ಈ ಯಂತ್ರವಾದರೋ ಕೆಟ್ಟ ತೋಟಾವನ್ನೂ ಖಾಲಿ ಕೋಶದಂತೆಯೇ ಹೊರಗೆಸೆದು ಮುಂದುವರಿಯುತ್ತದೆ.

ಅಮೆರಿಕದ ಸೇನೆಯಲ್ಲಿ ಹೆಸರಿನ ಆರಂಭದ ‘ಎಕ್ಸ್’ ಅಕ್ಷರ ಆಯುಧ ಇನ್ನೂ ಪ್ರಯೋಗದ ಹಂತದಲ್ಲಿದೆ ಎಂಬುದರ ಗುರುತು. ಎಕ್ಸ್‌ಎಂ134 ಎಂದಿದ್ದ ಮಿನಿಗನ್ ಆ ಅಕ್ಷರ ಕಳಚಿಕೊಂಡು ಎಂ134 ಆಯಿತು. ಹ್ಯೂಯಿ, ಕೋಬ್ರಾ, ಕಯೂಸ್ ಹೆಲಿಕಾಪ್ಟರ್‌ಗಳಲ್ಲೆಲ್ಲ ಅಳವಟ್ಟಿತು. ಎಕ್ಸ್‌ಎಂ214 ಮಾತ್ರ ಕೊನೆಯವರೆಗೂ ‘ಎಕ್ಸ್’ ಆಗಿಯೇ ಉಳಿಯಿತು.

ಅದು ಅದೇ ಯಂತ್ರವನ್ನು ಎಂ16 ರೈಫಲ್ಲಿನ 5.56 ಮಿ.ಮೀ. ತೋಟಾಕ್ಕೆ ಇನ್ನಷ್ಟು ಕುಗ್ಗಿಸಿದ ರೂಪ. ಬಂದೂಕಿನ ತೂಕ ಸುಮಾರು 12 ಕಿಲೋ; ನಿಮಿಷಕ್ಕೆ 10,000 ಗುಂಡಿನವರೆಗೂ ಹೋಗಬಲ್ಲದೆಂದು ಹೇಳಲಾಗಿತ್ತು. 7.62ರ ಸಾವಿರ ತೋಟಾಗಳು ಸುಮಾರು 24 ಕಿಲೋ ತೂಗಿದರೆ 5.56ರ ಸಾವಿರ ತೋಟಾಗಳು ಸುಮಾರು 12 ಕಿಲೋ ಮಾತ್ರ. ಪ್ರತಿ ಕಿಲೋವನ್ನೂ ಲೆಕ್ಕ ಹಾಕುವ ಹೆಲಿಕಾಪ್ಟರಿಗೆ ಇದು ಸಣ್ಣ ಲಾಭವಲ್ಲ. ಹಿಂದೊದೆತವೂ ಅರ್ಧಕ್ಕಿಂತ ಕಡಿಮೆ.

ಆದರೆ ಉಳಿಸಿದ ತೂಕಕ್ಕೆ ತೆತ್ತ ಬೆಲೆ ಗುಂಡಿನಲ್ಲಿತ್ತು. ಮೂರೂವರೆ ಗ್ರಾಂ ತೂಕದ ಗುಂಡು ನಳಿಗೆಯಿಂದ ಹೊರಡುವಾಗ ಎಷ್ಟೇ ವೇಗವಾಗಿದ್ದರೂ ಗಾಳಿಯ ತಡೆಗೆ ಬೇಗ ಸೋಲುತ್ತದೆ, ಎಲೆ ಕೊಂಬೆಗಳಿಗೆ ತಾಗಿ ದಾರಿ ತಪ್ಪುತ್ತದೆ. ಸುಮಾರು ಒಂಬತ್ತೂವರೆ ಗ್ರಾಂನ 7.62 ಗುಂಡು ದೂರದಲ್ಲಿಯೂ ಬಲ ಉಳಿಸಿಕೊಳ್ಳುತ್ತದೆ. ನೆಲದ ಮೇಲಿನ ಬಂದೂಕುಗಳಿಗೆ ಗುರಿಯಾಗುವ ಹೆಲಿಕಾಪ್ಟರಿಗೆ ಆದಷ್ಟು ದೂರದಿಂದಲೇ ಹೊಡೆಯುವುದು ಪ್ರಾಣ ಉಳಿಸುವ ಸಂಗತಿ. ಹೀಗಾಗಿ ಮೈಕ್ರೋಗನ್ ತನ್ನ ಯಂತ್ರದ ದೋಷದಿಂದ ಸೋತಿತೆನ್ನುವುದಕ್ಕಿಂತ ತೋಟಾದ ಆಯ್ಕೆಯಿಂದ ಸೋತಿತೆನ್ನುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಬೇಡಿಕೆಯೂ ಕುಸಿಯಿತು. ಸಾವಿರ ಗುಂಡು, ಬ್ಯಾಟರಿ ಸೇರಿ ಸುಮಾರು 38.5 ಕಿಲೋ ತೂಗುವ ‘ಸಿಕ್ಸ್ ಪ್ಯಾಕ್’ ಎಂಬ ಕಟ್ಟನ್ನಾಗಿ ಅದನ್ನು ಕಾಲಾಳುಗಳಿಗೆ ಒಪ್ಪಿಸುವ ಪ್ರಯತ್ನವೂ ಫಲಿಸಲಿಲ್ಲ.

ಅನಂತರದ ಹಾದಿ ಹಿರಿದಾದ ತೋಟಾದ ಕಡೆಗೇ ಸಾಗಿತು. ಕೋಬ್ರಾದ ಮುಂದಿನ ಮಾದರಿಗಳಿಗೆ ಮೂರು ನಳಿಗೆಯ 20 ಮಿ.ಮೀ. ಫಿರಂಗಿ ಬಂದಿತು, ಅಪಾಚೆಗೆ ಒಂದೇ ನಳಿಗೆಯ 30 ಮಿ.ಮೀ. ಫಿರಂಗಿ. ಮಿನಿಗನ್ ಮಾತ್ರ ಬಾಗಿಲ ಬಂದೂಕಾಗಿ ಇಂದಿಗೂ ಬಳಕೆಯಲ್ಲಿದೆ. ಡಿಲನ್ ಏರೋ ಕಂಪನಿ ಸುಧಾರಿಸಿದ ಎಂ134ಡಿ ಮಾದರಿಯ ವೇಗವನ್ನು ನಿಮಿಷಕ್ಕೆ 3000ಕ್ಕೆ ಇಳಿಸಲಾಗಿದೆ.

ಇನ್ನು ನಮ್ಮಲ್ಲಿ: ಭಾರತೀಯ ವಾಯುಪಡೆಯ ರಷ್ಯನ್ ಮೂಲದ ಎಂಐ-35 ಹೆಲಿಕಾಪ್ಟರಿನ ಮೂತಿಯಲ್ಲಿ ನಾಲ್ಕು ನಳಿಗೆಯ, 12.7 ಮಿ.ಮೀ. ತಿರುಗು ಮಷಿನ್‌ಗನ್ ಇದೆ. ಅದನ್ನು ತಿರುಗಿಸುವುದು ಮೋಟಾರಲ್ಲ, ಸಿಡಿಮದ್ದಿನ ಅನಿಲವೇ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ರುದ್ರ ಮತ್ತು ಪ್ರಚಂಡ ಹೆಲಿಕಾಪ್ಟರ್‌ಗಳಲ್ಲಿ ತಿರುಗುನಳಿಗೆ ಇಲ್ಲ. ಅಲ್ಲಿರುವುದು ಫ್ರಾನ್ಸಿನ ನೆಕ್ಸ್ಟರ್ ಕಂಪನಿಯ, ಒಂದೇ ನಳಿಗೆಯ 20 ಮಿ.ಮೀ. ಎಂ621 ಫಿರಂಗಿ. ಅದರ ವೇಗ ನಿಮಿಷಕ್ಕೆ ಸುಮಾರು 800 ಮಾತ್ರ. ಆದರೆ ಅದು ಹಾರಿಸುವ ಶೆಲ್ಲಿನೊಳಗೆ ಸ್ಫೋಟಕವನ್ನು ತುಂಬಲು ಜಾಗವಿದೆ. ಬಿದ್ದಲ್ಲಿ ಸಿಡಿದು ಸುತ್ತಲೂ ಚೂರುಗಳನ್ನು ಎರಚುವುದರಿಂದ ಗುಂಡುಗಳ ನಡುವಿನ ಅಂತರವನ್ನು ಅಷ್ಟು ಕಿರಿದುಗೊಳಿಸುವ ಅಗತ್ಯ ಅದಕ್ಕೆ ಇರುವುದಿಲ್ಲ.